ಎಂಬತ್ತೇಳನೇ ನಿಮಿಷದಲ್ಲಿ ಎಲ್ಲಿದ್ದೆ?

ನಮ್ಮ ಗೆಳೆಯರ ಗುಂಪಿನಲ್ಲಿ ವರ್ಷಗಳಿಂದ ಬಗೆಹರಿಯದ ತಕರಾರೊಂದಿದೆ. 2015ರ ಮೇ 31, ಭಾನುವಾರ. ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ಗೆದ್ದರೆ ಸತತ ಎರಡನೇ ಸಲ ಬೆಂಗಳೂರು ಎಫ್‌ಸಿ ಚಾಂಪಿಯನ್. ಬಾಗಾನ್‌ಗೆ ಡ್ರಾ ಆದರೂ ಸಾಕು. ಮಧ್ಯಂತರಕ್ಕೆ ಮುಂಚೆ ಜಾನ್ ಜಾನ್ಸನ್ ಗೋಲು ಹೊಡೆದ. ಆಮೇಲೆ ನಾವು ಆಟ ನೋಡಿದ್ದಕ್ಕಿಂತ ಗಡಿಯಾರ ನೋಡಿದ್ದೇ ಹೆಚ್ಚು. 87ನೇ ನಿಮಿಷದಲ್ಲಿ ಬಾಗಾನ್‌ಗೊಂದು ಕಾರ್ನರ್ ಸಿಕ್ಕಿತು. ಸೋನಿ ನಾರ್ಡೆ ಎತ್ತಿದ ಚೆಂಡಿಗೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1–1.

"ಆ ಗೋಲನ್ನ ನಾನು ನೋಡೇ ಇಲ್ಲ ಮಗಾ, ನೀರು ತರೋಕೆ ಕೆಳಗೆ ಹೋಗಿದ್ದೆ" ಎಂದು ನಮ್ಮಲ್ಲೊಬ್ಬ ಇವತ್ತಿಗೂ ಸಾಧಿಸುತ್ತಾನೆ. ಕಪ್ಪು ಕೈಗೆ ಬರಲು ಮೂರೇ ನಿಮಿಷ ಉಳಿದಿರುವಾಗ ಜಾಗ ಬಿಟ್ಟು ಯಾರಾದರೂ ಏಳುತ್ತಾರಾ ಎಂದು ಉಳಿದವರು ಕೇಳುತ್ತಾರೆ. ಅವನು ಪಟ್ಟು ಬಿಡುವುದಿಲ್ಲ.

ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ನಾವು ನಾಲ್ಕೈದು ಮಂದಿ ಭಾನುವಾರ ಬೆಳಿಗ್ಗೆ ಹಲಸೂರಿನ ಕಡೆ ಒಂದು ದರ್ಶಿನಿಯಲ್ಲಿ ಸೇರುತ್ತೇವೆ. ಮನೆ, ಮಕ್ಕಳು, ಕೆಲಸದ ಮಾತು ಮುಗಿಯುವ ಹೊತ್ತಿಗೆ ಎರಡನೇ ಸುತ್ತಿನ ಕಾಫಿ ಬಂದಿರುತ್ತದೆ. ಅಲ್ಲಿಂದ ಮುಂದೆ ಬರೀ ಫುಟ್‌ಬಾಲ್. ಅದೂ ಈಗಿನದಲ್ಲ, 2013ರಿಂದ 2019ರವರೆಗಿನದು. ಬೆಂಗಳೂರು ಎಫ್‌ಸಿಯ ಅಭಿಮಾನಿಗಳಿಗೆ ಆ ಆರು ಋತುಗಳೇ ಸುವರ್ಣಕಾಲ. ಲೆಕ್ಕ ಹಾಕಿ ನೋಡಿ: 2013–14ರಲ್ಲಿ ಐ-ಲೀಗ್, 2014–15ರಲ್ಲಿ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ-ಲೀಗ್, 2016–17ರಲ್ಲಿ ಮತ್ತೆ ಫೆಡರೇಷನ್ ಕಪ್, 2017–18ರಲ್ಲಿ ಸೂಪರ್ ಕಪ್, 2018–19ರಲ್ಲಿ ಐಎಸ್‌ಎಲ್. ಒಂದು ಋತುವೂ ಬರಿಗೈಯಲ್ಲಿ ಮುಗಿಯಲಿಲ್ಲ. ಹುಟ್ಟಿದ ವರ್ಷದಿಂದಲೇ ಹೀಗೆ ಗೆಲ್ಲುತ್ತಾ ಹೋದ ತಂಡ ಈ ದೇಶದ ಫುಟ್‌ಬಾಲ್‌ನಲ್ಲಿ ಮತ್ತೊಂದು ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಗೆದ್ದ ತಂಡದ ಬಗ್ಗೆ ಮಾತು ಶುರುವಾಗುವುದು ಮಾತ್ರ ಆ ಸೋಲಿನಿಂದ. ಲೆಕ್ಕದಲ್ಲಿ ಅದು ಡ್ರಾ. ನಮ್ಮ ಬಾಯಲ್ಲಿ ಅದು ಎಂದಿಗೂ ಸೋಲೇ. ಅದು ಯಾಕೆ ಹಾಗೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಬೇಕು.

2013ರ ಹೊತ್ತಿಗೆ ದೇಶದ ಕ್ಲಬ್ ಫುಟ್‌ಬಾಲ್ ಎಂದರೆ ಗೋವಾ ಮತ್ತು ಕೋಲ್ಕತ್ತ. ಐ-ಲೀಗ್ ಎಂಬ ಹೆಸರು ಬಂದ 2007ರಿಂದ ಆರು ವರ್ಷವೂ ಕಪ್ಪು ಗೋವಾ ಬಿಟ್ಟು ಹೊರಗೆ ಹೋಗಿರಲಿಲ್ಲ. ಡೆಂಪೊ ಮೂರು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ, ಸಾಲ್ಗಾಂವ್ಕರ್ ಒಂದು ಸಲ. ಹೊಸ ಊರುಗಳಿಗೆ ಲೀಗ್‌ನಲ್ಲಿ ನೇರ ಪ್ರವೇಶ ಕೊಡಲು ಫುಟ್‌ಬಾಲ್ ಫೆಡರೇಷನ್ ತೀರ್ಮಾನಿಸಿದಾಗ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರಿಗೆ ತಂಡ ಕಟ್ಟಲು ಮುಂದೆ ಬಂತು. ಜುಲೈನಲ್ಲಿ ತಂಡದ ಹೆಸರು ಹೊರಬಿತ್ತು, ಸೆಪ್ಟೆಂಬರ್ 22ಕ್ಕೆ ಮೊದಲ ಪಂದ್ಯ. ಅವತ್ತೂ ಎದುರಿಗಿದ್ದದ್ದು ಮೋಹನ್ ಬಾಗಾನ್, ಅವತ್ತೂ 1–1. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದ.

ಅಶೋಕನಗರದ ಆ ಸ್ಟೇಡಿಯಂ ಬಹಳ ದೊಡ್ಡದೇನಲ್ಲ. ಹತ್ತು ಸಾವಿರ ಜನವೂ ಹಿಡಿಸದ ಸಿಮೆಂಟ್ ಮೆಟ್ಟಿಲು, ಕೃತಕ ಹುಲ್ಲು, ಸುತ್ತ ಊರಿನ ಗದ್ದಲ. ಆದರೆ ಅಲ್ಲಿ ಮೈದಾನಕ್ಕೂ ನೋಡುವವರಿಗೂ ನಡುವೆ ಅಂತರವೇ ಇರಲಿಲ್ಲ. ಚೆಂಡಿಗೆ ಕಾಲು ತಾಗಿದ ಸದ್ದು ಕೇಳುತ್ತಿತ್ತು. ಆಟಗಾರ ಜಾರಿ ಬಿದ್ದರೆ ಹುಲ್ಲಿನೊಳಗಿನ ಕಪ್ಪು ರಬ್ಬರ್ ಚೂರು ಹಾರುವುದು ಕಾಣುತ್ತಿತ್ತು. ಕೋಚ್ ಆಶ್ಲಿ ವೆಸ್ಟ್‌ವುಡ್ ಗೆರೆಯ ಅಂಚಿನಲ್ಲಿ ನಿಂತು ಕಿರುಚುವುದು ಮೇಲಿನ ಮೆಟ್ಟಿಲಿಗೂ ಮುಟ್ಟುತ್ತಿತ್ತು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತವರು ಒಬ್ಬರಿಗೊಬ್ಬರು ಗುರುತಾದರು. ಡೋಲು ಬಂತು, ನೀಲಿ ಬಾವುಟ ಬಂತು, ಹೆಸರೂ ಬಂತು: ವೆಸ್ಟ್ ಬ್ಲಾಕ್ ಬ್ಲೂಸ್. ತೊಂಬತ್ತು ನಿಮಿಷ ಕೂರಬಾರದು, ಬಾಯಿ ಮುಚ್ಚಬಾರದು ಎನ್ನುವುದು ಅಲ್ಲಿಯ ಕಟ್ಟಳೆ. ಟಿವಿಯಲ್ಲಿ ಇಂಗ್ಲೆಂಡ್, ಸ್ಪೇನ್ ಲೀಗ್ ನೋಡಿ ಬೆಳೆದ ಸಾಫ್ಟ್‌ವೇರ್ ಹುಡುಗರು, ಆಸ್ಟಿನ್ ಟೌನ್‌ನ ತಮಿಳು ಹುಡುಗರು, ಕಾಲೇಜು ಮುಗಿಸಿ ನೇರ ಬಂದ ಮಣಿಪುರ, ಮಿಜೋರಾಂ ವಿದ್ಯಾರ್ಥಿಗಳು, ಬಸವನಗುಡಿಯಿಂದ ಬಸ್ಸು ಹಿಡಿದು ಬಂದ ನಮ್ಮಂಥವರು – ಎಲ್ಲ ಒಂದೇ ಮೆಟ್ಟಿಲ ಮೇಲೆ. ನಾಲ್ಕು ಭಾಷೆಯಲ್ಲಿ ರೆಫ್ರಿಯನ್ನು ಬೈದರೂ ಕೊನೆಗೆ ಎಲ್ಲರೂ ಕೂಗುತ್ತಿದ್ದದ್ದು ಊರಿನ ಹೆಸರನ್ನು.

ಅಲ್ಲೇ ನನಗೆ ಒಬ್ಬ ಹಿರಿಯರ ಪರಿಚಯವಾಯಿತು. ಅರವತ್ತರ ಆಸುಪಾಸಿನ ವಯಸ್ಸು, ಗೌತಮಪುರದವರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಡೋಲಿನ ಗಲಾಟೆಯಿಂದ ಸ್ವಲ್ಪ ದೂರ, ಮೆಟ್ಟಿಲಿನ ತುದಿಯಲ್ಲಿ ಕೂರುತ್ತಿದ್ದರು. ಒಂದು ದಿನ ಮಧ್ಯಂತರದಲ್ಲಿ ಕಡ್ಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿ, "ನೋಡಪ್ಪಾ, ನೀವೆಲ್ಲ ಬೆಂಗಳೂರಿಗೆ ಫುಟ್‌ಬಾಲ್ ಈಗ ಬಂತು ಅಂದ್ಕೊಂಡಿದೀರ. ಇದು ವಾಪಸ್ ಬಂದಿರೋದು" ಎಂದರು.

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಮುಂಬೈಯ ರೋವರ್ಸ್ ಕಪ್ ದಶಕಗಟ್ಟಲೆ ಬ್ರಿಟಿಷ್ ಪಡೆಗಳ ತಂಡಗಳ ಕೈಯಲ್ಲಿತ್ತು. 1937ರಲ್ಲಿ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ನಮ್ಮ ದಂಡು ಪ್ರದೇಶದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರಾದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿ ಕೆಂಪಯ್ಯ ಇದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿ ಅರುಮೈನಾಯಗಂ ಇದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು. ಅದರಲ್ಲಿ ಕೊನೆಯ ಎರಡು, 1967–68 ಮತ್ತು 1968–69, ಒಂದರ ಹಿಂದೊಂದು ಬಂದವು. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಒಬ್ಬ ಫುಟ್‌ಬಾಲ್ ಆಟಗಾರನನ್ನೂ ನಿಲ್ಲಿಸಿಕೊಂಡ ಕೇರಿ ಅದು.

ಆ ಹಿರಿಯರು 1968–69ರ ಫೈನಲ್ ಬೆಂಗಳೂರಿನಲ್ಲಿ ನಡೆದಾಗ ಹದಿಹರೆಯದ ಹುಡುಗ. ಅವರು ನನಗೆ ಹೇಳಿದ್ದು ಗೋಲಿನ ವಿಷಯವನ್ನಲ್ಲ. ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಹೋಗಿದ್ದು, ವಾಪಸ್ ಬರುವಾಗ ಅಪ್ಪ ಸೈಕಲ್ ತುಳಿಯದೆ ಗೆದ್ದ ಖುಷಿಗೆ ಜನರ ಜೊತೆ ತಳ್ಳಿಕೊಂಡೇ ನಡೆದಿದ್ದು. "ಅಪ್ಪ ಅಷ್ಟು ಮಾತಾಡಿದ್ದನ್ನ ನಾನು ಆಮೇಲೆ ಯಾವತ್ತೂ ಕಂಡಿಲ್ಲ" ಎಂದರು. ಅದಾಗಿ ದಶಕಗಳು ಕಳೆದವು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಆಟಗಾರರಿಗೆ ಕೆಲಸ ಕೊಟ್ಟು ಆಟವನ್ನು ಉಳಿಸಿಕೊಂಡವು. ಎಚ್‌ಎಎಲ್ ಐ-ಲೀಗ್‌ನಲ್ಲೂ ಆಡಿತು. ಆದರೆ ಗ್ಯಾಲರಿ ಖಾಲಿಯಾಗುತ್ತಾ ಬಂದಿತ್ತು. ಮೈಸೂರು ತಂಡದ ಗೆಲುವಿನ ನೆನಪು ಕೆಲವು ಮನೆಗಳ ಒಳಗೆ, ಮಂಕಾದ ಗ್ರೂಪ್ ಫೋಟೊಗಳಲ್ಲಿ ಮಾತ್ರ ಉಳಿಯಿತು. ಅದನ್ನು ಯಾರೂ ಕೂತು ಬರೆದಿಡಲಿಲ್ಲ. ನನ್ನ ತಲೆಮಾರಿನ ಬೆಂಗಳೂರಿಗರು ತಮ್ಮ ಊರಿನ ಫುಟ್‌ಬಾಲ್ ಚರಿತ್ರೆ ತಿಳಿಯದೆ ಲಿವರ್‌ಪೂಲ್‌ನ ಚರಿತ್ರೆ ಬಾಯಿಪಾಠ ಮಾಡಿಕೊಂಡು ಬೆಳೆದೆವು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಾಗಾಗಿ ಆ ಮೊದಲ ಋತುವಿನಲ್ಲಿ ನಮಗೆ ಸಿಕ್ಕಿದ್ದು ಬರೀ ಒಂದು ತಂಡವಲ್ಲ, ನೆನಪಿಟ್ಟುಕೊಳ್ಳಲು ನಮ್ಮದೇ ಆದ ಒಂದು ಶುರು. ತಂಡ ಗೆಲ್ಲಲು ಕಾರಣಗಳು ಸ್ಪಷ್ಟವಾಗಿದ್ದವು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ವೆಸ್ಟ್‌ವುಡ್ ಊಟ, ನಿದ್ದೆ, ತೂಕ, ಓಟ ಎಲ್ಲವನ್ನೂ ಲೆಕ್ಕಕ್ಕೆ ತಂದರು. ಇನ್ನೊಂದು ತಂಡ ಸುಸ್ತಾಗುವ ಕೊನೆಯ ಇಪ್ಪತ್ತು ನಿಮಿಷದಲ್ಲಿ ನಮ್ಮವರು ಇನ್ನೂ ಓಡುತ್ತಿದ್ದರು. ಸಂಬಳ ಹೊತ್ತಿಗೆ ಸರಿಯಾಗಿ ಸಿಗುವುದು ಆಗಿನ ಭಾರತೀಯ ಫುಟ್‌ಬಾಲ್‌ನಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಹಿಂದೆ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಗೋಡೆಯಂತೆ ನಿಂತರು. ಮುಂದೆ ಎತ್ತರದ ರಾಬಿನ್ ಸಿಂಗ್ ಇದ್ದ, ಅವನ ಸುತ್ತ ಸುಳಿಯಲು ಸುನಿಲ್ ಛೆಟ್ರಿ ಇದ್ದ. ನಾಯಕ ಛೆಟ್ರಿ ಆ ವರ್ಷ ಲೀಗ್‌ನಲ್ಲಿ 14 ಗೋಲು ಹೊಡೆದ.

2014ರ ಏಪ್ರಿಲ್ 17ರಂದು ಕರ್ನಾಟಕದಲ್ಲಿ ಲೋಕಸಭೆಗೆ ಮತದಾನ ಮುಗಿದಿತ್ತು. 21ನೇ ತಾರೀಕು, ಬೆರಳಿನ ಶಾಯಿ ಇನ್ನೂ ಅಳಿಸಿರಲಿಲ್ಲ, ಗೋವಾದಲ್ಲಿ ಡೆಂಪೊ ಎದುರು 4–2. ಒಂದು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್. ಗೋವಾದವರ ಕಪ್ಪನ್ನು ಗೋವಾದಲ್ಲೇ ಗೆದ್ದದ್ದು. ಅಂದು ಸೋಮವಾರ. ಆಫೀಸಿನ ಮೇಜಿನ ಕೆಳಗೆ ಫೋನಿನಲ್ಲಿ ಸ್ಕೋರು ನೋಡುತ್ತಿದ್ದ ನಾನು ಕೊನೆಗೆ ಎದ್ದು ಮೆಟ್ಟಿಲ ಹತ್ತಿರ ಹೋಗಿ ಗೆಳೆಯನಿಗೆ ಫೋನ್ ಮಾಡಿದೆ. ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಉಸಿರು ಬಿಟ್ಟದ್ದಷ್ಟೇ ಕೇಳಿಸಿತು.

ಎರಡನೇ ವರ್ಷಕ್ಕೆ ತಂಡ ಕಂಠೀರವಕ್ಕೆ ಬಂತು. ಅದು ದೊಡ್ಡ ಕ್ರೀಡಾಂಗಣ, ನಿಜವಾದ ಹುಲ್ಲು, ಪಕ್ಕದಲ್ಲಿ ಕಬ್ಬನ್ ಪಾರ್ಕ್. ಆದರೆ ಮೈದಾನದ ಸುತ್ತ ಓಟದ ಟ್ರ್ಯಾಕ್. ಆಟಗಾರರು ಎರಡು ಬೆರಳಿನಷ್ಟು ಚಿಕ್ಕವರಾಗಿ ಕಂಡರು. ಫುಟ್‌ಬಾಲ್‌ನಿಂದ ತಮ್ಮ ಅಭ್ಯಾಸದ ಹೊತ್ತು ಹೋಗುತ್ತಿದೆ ಎಂದು ಅಥ್ಲೀಟ್‌ಗಳು ಮುಂದೆ ಅಸಮಾಧಾನ ಹೇಳಿಕೊಂಡರು. ಅವರ ಮಾತಿನಲ್ಲಿ ನ್ಯಾಯವಿತ್ತು. ಇಷ್ಟು ದೊಡ್ಡ ಊರಿನಲ್ಲಿ ಇಬ್ಬರಿಗೂ ಜಾಗ ಇರಬೇಕಿತ್ತು. ಟ್ರ್ಯಾಕಿನ ಆ ಅಂತರವನ್ನು ದಾಟಲು ನಮಗಿದ್ದದ್ದು ಗಂಟಲು ಒಂದೇ, ಹಾಗಾಗಿ ಇನ್ನೂ ಜೋರಾಗಿ ಕೂಗಿದೆವು. ಪಂದ್ಯ ಮುಗಿದ ಮೇಲೆ ಆಟಗಾರರು ವೆಸ್ಟ್ ಬ್ಲಾಕ್ ಮುಂದೆ ಸಾಲಾಗಿ ಬಂದು ನಿಲ್ಲುವುದು, ಡೋಲಿನ ಒಂದೊಂದು ಪೆಟ್ಟಿಗೆ ಅವರೂ ನಾವೂ ಕೈಯೆತ್ತಿ ಚಪ್ಪಾಳೆ ಹೊಡೆಯುವುದು ಅಲ್ಲಿ ರೂಢಿಯಾಯಿತು.

ಆ ಕಂಠೀರವದ ಸಂಜೆಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಕಪ್ಪು ಗೆದ್ದ ದಿನವನ್ನು ಆರಿಸುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ಎದುರು 2–0 ಗೆದ್ದು ಅದೇ ಮೈದಾನದಲ್ಲಿ ಎರಡನೇ ಐ-ಲೀಗ್ ಎತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೂ ನಾನು ಆರಿಸುವುದು ಅದೇ ವರ್ಷದ ಅಕ್ಟೋಬರ್ 19, ಬುಧವಾರ. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಮಲೇಷ್ಯಾದ ಜೋಹೋರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಅವರ ಊರಿನಲ್ಲಿ 1–1 ಮಾಡಿಕೊಂಡು ಬಂದಿದ್ದೆವು. ಯೂಜೆನ್‌ಸನ್ ಲಿಂಗ್ಡೊ ಹೊಡೆದಿದ್ದ ಆ ಗೋಲೇ ನಮ್ಮ ಬಂಡವಾಳ. ವೆಸ್ಟ್‌ವುಡ್ ಹೋಗಿ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದು ಆಗ ನಾಲ್ಕೇ ತಿಂಗಳು. ಓಡಿ ಮೇಲೆರಗುವ ತಂಡಕ್ಕೆ ಅವರು ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳುವುದನ್ನು ಕಲಿಸುತ್ತಿದ್ದರು.

ಹನ್ನೊಂದನೇ ನಿಮಿಷಕ್ಕೆ ಜೋಹೋರ್ ಗೋಲು ಹೊಡೆಯಿತು. ಗ್ಯಾಲರಿಯಲ್ಲಿ ಒಂದು ಕ್ಷಣ ಎಂಥ ಮೌನ ಎಂದರೆ ಕಸ್ತೂರಬಾ ರಸ್ತೆಯ ಹಾರ್ನ್ ಕೇಳಿಸಿತು. ಆಮೇಲೆ ಡೋಲು ತಾನಾಗಿ ಶುರುವಾಯಿತು, ಮೊದಲು ಒಂದು, ಆಮೇಲೆ ಮೂರು. 41ನೇ ನಿಮಿಷದಲ್ಲಿ ಛೆಟ್ರಿ ಸಮ ಮಾಡಿದ. ಎರಡನೇ ಅರ್ಧದಲ್ಲಿ, 67ನೇ ನಿಮಿಷ, ಪೆನಾಲ್ಟಿ ಬಾಕ್ಸಿನ ಆಚೆ ಅವನಿಗೆ ಚೆಂಡು ಸಿಕ್ಕಿತು. ನಾವು ನಿಂತ ಕಡೆಯಿಂದ ಅವನ ಬೆನ್ನಷ್ಟೇ ಕಾಣುತ್ತಿತ್ತು. ಅಷ್ಟು ದೂರದಿಂದ ಹೊಡೆಯುತ್ತಾನೆ ಎಂದು ನನ್ನ ಪಕ್ಕದಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಬಲೆ ಅಲುಗಿದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು, ಯಾಕೆಂದರೆ ಆ ಸದ್ದು ನಮ್ಮದೇ. ಎಂಟು ನಿಮಿಷ ಕಳೆದ ಮೇಲೆ ಹುವಾನನ್ ಮೂರನೆಯದನ್ನು ಹೊಡೆದ. ಭಾರತದ ಕ್ಲಬ್ ತಂಡವೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು. ಅವತ್ತು ಹತ್ತೂವರೆ ಆದರೂ ಜನ ಹೊರಡಲಿಲ್ಲ. ನನಗಿಂತ ಎರಡು ಮೆಟ್ಟಿಲು ಕೆಳಗೆ, ಸಮವಸ್ತ್ರದಲ್ಲಿದ್ದ ಒಬ್ಬ ಸೆಕ್ಯುರಿಟಿ ಕಾವಲುಗಾರ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಮೈದಾನವನ್ನೇ ನೋಡುತ್ತಾ ನಿಂತಿದ್ದ. ಪಂದ್ಯ ನಡೆದಷ್ಟೂ ಹೊತ್ತು ಅವನು ಮೈದಾನಕ್ಕೆ ಬೆನ್ನು ಹಾಕಿ ನಮ್ಮನ್ನು ಕಾಯಬೇಕಿತ್ತು. ಒಂದು ಗೋಲನ್ನೂ ನೋಡಿರಲಿಲ್ಲ.

ಗೌತಮಪುರದ ಆ ಹಿರಿಯರು ಅವತ್ತು ಬಂದಿರಲಿಲ್ಲ. ಮೊಣಕಾಲು ನೋವು ಹೆಚ್ಚಾಗಿತ್ತು. ಮರುದಿನ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಜನ ನಡ್ಕೊಂಡು ಹೋದ್ರಾ?" ಹೌದು, ನಡೆದುಕೊಂಡೇ ಹೋದರು ಎಂದೆ. ಹಡ್ಸನ್ ವೃತ್ತದವರೆಗೂ ರಸ್ತೆ ನೀಲಿಯಾಗಿತ್ತು.

ನವೆಂಬರ್ 5ರಂದು ದೋಹಾದಲ್ಲಿ ಫೈನಲ್. ಇಲ್ಲಿಂದ ವಿಮಾನ ಹತ್ತಿ ಹೋದ ಅಭಿಮಾನಿಗಳೂ ಇದ್ದರು. ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಅಮಾನತಾಗಿ ಲಾಲ್‌ಥುವಮ್ಮಾವಿಯಾ ರಾಲ್ಟೆ ನಿಂತ. ಇರಾಕ್‌ನ ಏರ್ ಫೋರ್ಸ್ ಕ್ಲಬ್‌ನ ಹಮ್ಮಾದಿ ಅಹ್ಮದ್ ಎರಡನೇ ಅರ್ಧದಲ್ಲಿ ಹೊಡೆದ ಒಂದೇ ಗೋಲಿಗೆ ಸೋತೆವು. ಆ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಅವನದೇ. ಸೋತ ಮೂರನೇ ದಿನ, ನವೆಂಬರ್ 8ರ ರಾತ್ರಿ, ನೋಟು ರದ್ದಾಯಿತು. ಪತ್ರಿಕೆಯಲ್ಲೂ ಆಫೀಸಿನಲ್ಲೂ ಬೇರೆ ಮಾತೇ ಇಲ್ಲ. ಎಟಿಎಂ ಸಾಲಿನಲ್ಲಿ ಎರಡು ಗಂಟೆ ನಿಂತಿದ್ದಾಗ ಮುಂದಿನವನ ಬ್ಯಾಗಿನಲ್ಲಿ ನೀಲಿ ಸ್ಕಾರ್ಫ್ ಕಂಡು ನಾವಿಬ್ಬರೂ ದೋಹಾದ ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ಆಡಿ ಮುಗಿಸಿದೆವು. ಇಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ.

ಆಮೇಲಿನದನ್ನು ಬೇಗ ಹೇಳುತ್ತೇನೆ. 2017ರಲ್ಲಿ ತಂಡ ಐಎಸ್‌ಎಲ್‌ಗೆ ಹೋಯಿತು. ಹಣ, ಬೆಳಕು, ಟಿವಿ ಎಲ್ಲ ಹೆಚ್ಚಾಯಿತು. ಮೊದಲ ವರ್ಷವೇ ಎಂಟು ಅಂಕಗಳ ಅಂತರದಿಂದ ಲೀಗ್‌ನಲ್ಲಿ ಅಗ್ರಸ್ಥಾನ. ಆದರೆ 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2–3. ಒಂಬತ್ತನೇ ನಿಮಿಷದಲ್ಲಿ ಛೆಟ್ರಿ ಹಾರಿ ತಲೆಯಿಂದ ಹೊಡೆದ ಗೋಲಿಗೆ ಕುಣಿದವರು ರಾತ್ರಿ ಮಾತಿಲ್ಲದೆ ಮೆಟ್ರೊ ಹತ್ತಿದರು. ಸರಿಯಾಗಿ ಒಂದು ವರ್ಷ, ಅದೇ ಮಾರ್ಚ್ 17, ಈ ಸಲ ಮುಂಬೈ, ಎದುರಿಗೆ ಎಫ್‌ಸಿ ಗೋವಾ. ನಾವು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿದ್ದೆವು. ಬೋಗಿಯ ಅರ್ಧ ನೀಲಿ, ರಾಯಚೂರು ದಾಟುವವರೆಗೂ ಯಾರೂ ಮಲಗಲಿಲ್ಲ. ಹೆಚ್ಚುವರಿ ಅವಧಿಯೂ ಮುಗಿಯುತ್ತಾ ಬಂದಾಗ ದಿಮಾಸ್ ದೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. 1–0. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಐಎಸ್‌ಎಲ್ ಫೈನಲ್ ಗೆದ್ದದ್ದು ಅದೇ ಮೊದಲು.

ಮತ್ತೂ ಕಪ್ಪು ಬಂದಿದೆ, 2022ರಲ್ಲಿ ಡ್ಯುರಾಂಡ್. ಮತ್ತೂ ಫೈನಲ್‌ಗಳಲ್ಲಿ ಸೋತದ್ದಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದರು. ಆ ಹೊತ್ತಿಗೆ ಗೌತಮಪುರದ ಹಿರಿಯರು ಇರಲಿಲ್ಲ. ಅವರ ಸೈಕಲ್ಲಿನ ಕಥೆಯನ್ನು ನಾನು ಬರೆದಿಟ್ಟುಕೊಂಡಿದ್ದೇನೆ, ಅಪ್ಪನ ಊರು, ಸೈಕಲ್ಲಿನ ಬಣ್ಣ ಸಮೇತ. ಅವರ ಮಗನಿಗೇ ಆ ಕಥೆ ಗೊತ್ತಿರಲಿಲ್ಲ.

ಅಂದಿನಿಂದ ನಮ್ಮ ದರ್ಶಿನಿಯ ಮಾತುಗಳನ್ನೂ ಬರೆಯತೊಡಗಿದ್ದೇನೆ. ಸ್ಕೋರು ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಯಾರು ಎಲ್ಲಿ ನಿಂತಿದ್ದರು, ಯಾರ ಜೊತೆ ಬಂದಿದ್ದರು, ಪಂದ್ಯ ಮುಗಿದ ಮೇಲೆ ಏನು ತಿಂದರು. ಒಬ್ಬ ಆ ವರ್ಷ ಕೆಲಸ ಕಳೆದುಕೊಂಡಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಪಂದ್ಯದ ದಿನಗಳಲ್ಲಿ ಮಾತ್ರ ಮನೆಯಿಂದ ಹೊರಡಲು ಅವನಿಗೆ ನಿಜವಾದ ಕಾರಣ ಇರುತ್ತಿತ್ತಂತೆ. ಇನ್ನೊಬ್ಬಳು ಗಂಡನಾಗುವವನನ್ನು ಮೊದಲು ಕಂಡದ್ದು ಅಶೋಕನಗರದ ಮೆಟ್ಟಿಲ ಮೇಲೆ, ಅವನ ಬಾವುಟದ ಕೋಲು ತಲೆಗೆ ಬಡಿದಾಗ.

ಕಳೆದ ಸಲ ಸೇರಿದಾಗ 2015ರ ಪಂದ್ಯದ ಸರದಿ ಬಂತು. ನಾನು ಪುಸ್ತಕ ತೆರೆದು ಅವನನ್ನು ಕೇಳಿದೆ, 87ನೇ ನಿಮಿಷದಲ್ಲಿ ಎಲ್ಲಿದ್ದೆ? "ನೀರಿಗೆ ಹೋಗಿದ್ದೆ, ಬರ್ಕೋ" ಅಂದ. ಬರೆದುಕೊಂಡೆ. ನನ್ನ ನೆನಪು ಬೇರೆ. ಕಾರ್ನರ್‌ಗೆ ಚೆಂಡು ಇಡುವಾಗ ಅವನು ನನ್ನ ಎಡಕ್ಕೆ ನಿಂತಿದ್ದ. ಬೆಲ್ಲೊ ನೆಗೆದಾಗ ಅವನ ಕೈ ನನ್ನ ಭುಜದ ಮೇಲಿತ್ತು. ಬಾಗಾನ್‌ನವರು ಓಡಿ ಒಬ್ಬರ ಮೇಲೊಬ್ಬರು ಬಿದ್ದಾಗಲೂ ಆ ಕೈ ಅಲ್ಲೇ ಇತ್ತು, ಜೆರ್ಸಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಅದನ್ನೂ ಕೆಳಗಿನ ಸಾಲಿನಲ್ಲಿ ಬರೆದೆ.